ಇಪ್ಪತ್ತೇಳನೇ ಕೌದಿಯ ತುತ್ತು

ಒಟ್ಟು ನಲವತ್ತಮೂರು ಹೊದಿಕೆಗಳಿದ್ದವು. ಹಲಸೂರಿನ ಆ ಛತ್ರದಲ್ಲಿ ಊಟದ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ ಸಾಲಾಗಿ ನೇತುಹಾಕಿದ್ದರು. ಬೆಳಿಗ್ಗೆ ಹತ್ತಕ್ಕೆ ನೋಡಲು ಶುರು ಮಾಡಿದ ನನಗೆ ಹನ್ನೆರಡಕ್ಕೆಲ್ಲ ಸೊಂಟ ಹಿಡಿದುಕೊಂಡಿತು. ಮೂರು ಗಂಟೆ ಆಗುವಷ್ಟರಲ್ಲಿ ಯಾರು ಎಂಥ ಹೂವು ಹೊಲಿದಿದ್ದರೂ ನನಗೇನಾಗಬೇಕು ಎನ್ನುವ ಸ್ಥಿತಿಗೆ ಬಂದಿದ್ದೆ.

ನನ್ನ ಹೆಸರು ಹಂಸ. ಶಿವಾಜಿನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಟೀಚರ್ ಆಗಿದ್ದೆ. ಹುಡುಗಿಯರು ನನಗೆ ಇಟ್ಟ ಅಡ್ಡಹೆಸರು ‘ಬಿಚ್ಚು ಟೀಚರ್’. ಹೊಲಿಗೆ ಒಂದು ನೂಲಿನಷ್ಟು ಸೊಟ್ಟಗಿದ್ದರೂ ನಾನು ಮಾತಾಡುತ್ತಿರಲಿಲ್ಲ, ಒಂದು ತುದಿಗೆ ಟೇಪು ಸುತ್ತಿದ ಅರ್ಧ ಬ್ಲೇಡನ್ನು ಪರ್ಸಿನಿಂದ ತೆಗೆದು ಸರ್ರನೆ ಬಿಚ್ಚಿಬಿಡುತ್ತಿದ್ದೆ. ಅತ್ತವರೂ ಇದ್ದಾರೆ, ಬೈದುಕೊಂಡವರೂ ಇದ್ದಾರೆ. ಎಲ್ಲರೂ ನೆಟ್ಟಗೆ ಹೊಲಿಯುವುದನ್ನಂತೂ ಕಲಿತರು.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಬಹುದಿತ್ತು. ನಮ್ಮ ತಂದೆ ದೊಡ್ಡಮುನಿಯಪ್ಪನವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಕಲ್ಯಾಣ ನಗರದ ಒಂದು ಅಡ್ಡರಸ್ತೆ ಇದೆ. ಅದರಲ್ಲಿ ನಮಗೆ ಉಳಿದ ಮನೆಗಳ ಬಾಡಿಗೆಯಲ್ಲೇ ನನ್ನ ಹೊಟ್ಟೆ ತುಂಬುತ್ತದೆ. ಆದರೂ ಐದು ವರ್ಷದಿಂದ ವಾರಕ್ಕೆ ಮೂರು ದಿನ ಜೀವನ್ ಬಿಮಾ ನಗರದ ಒಂದು ಟ್ರಸ್ಟಿನ ಹೊಲಿಗೆ ಕೇಂದ್ರಕ್ಕೆ ಹೋಗಿ ಪಾಠ ಮಾಡುತ್ತಿದ್ದೆ. ಎರಡು ವರ್ಷದಿಂದ ಅಲ್ಲಿ ನನ್ನದು ಒಂದೇ ರಾಗ. ಸುಸ್ತಾಗಿದೆ, ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಕೊನೆಗೆ ಟ್ರಸ್ಟಿನವರು ನನ್ನ ಮಾತನ್ನು ನಿಜವೆಂದೇ ನಂಬಿ ಈ ಸ್ಪರ್ಧೆ ಇಟ್ಟರು. ಯಾವುದಾದರೂ ಹಳೆಯ ಕಾಲದ ವಿನ್ಯಾಸವನ್ನು ನೋಡಿ ಅದರಿಂದ ಒಂದು ಹೊದಿಕೆ ಹೊಲಿಯಬೇಕು. ಗೆದ್ದವರಿಗೆ ನನ್ನ ಜಾಗ, ನನ್ನ ಕುರ್ಚಿ, ಬೀರುವಿನ ಬೀಗದ ಕೈ. ತೀರ್ಪುಗಾರರು ಮೂರು ಜನ, ಅದರಲ್ಲಿ ನಾನೂ ಒಬ್ಬಳು.

ಎರಡನೆಯವರು ಪ್ರೇಮ್‌ಕುಮಾರ್. ಇಂದಿರಾನಗರದ ಆರ್ಕಿಟೆಕ್ಟ್, ಕೆಡವುವ ಬಂಗಲೆಗಳಿಂದ ಹಳೆಯ ನೆಲದ ಟೈಲುಗಳನ್ನು ಎತ್ತಿಕೊಂಡು ಬಂದು ಮನೆ ತುಂಬ ಜೋಡಿಸಿಟ್ಟಿರುವ ಮನುಷ್ಯ. ಪ್ರತಿ ಹೊದಿಕೆಯ ಮುಂದೂ ನಿಂತು ಇದು ಅಥೆಂಟಿಕ್, ಇದು ಅಥೆಂಟಿಕ್ ಅಲ್ಲ ಎಂದು ಅವರು ಹೇಳುವುದನ್ನು ಕೇಳಿ ಕೇಳಿಯೇ ನನಗೆ ಅರ್ಧ ಆಯಾಸವಾಗಿತ್ತು. ಮೂರನೆಯವರು ಅಜ್ಮತ್ ಭಾಯಿ. ಶಿವಾಜಿನಗರದಲ್ಲಿ ಐವತ್ತು ವರ್ಷ ರಜಾಯಿ, ಹಾಸಿಗೆ ಹೊಲಿದವರು. ಅವರು ಯಾವ ಹೊದಿಕೆಯನ್ನೂ ಕಣ್ಣಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಅಂಗೈಯಲ್ಲಿ ಒತ್ತಿ, ಅಂಕ ಹಾಕಿ ಮುಂದೆ ಹೋಗುತ್ತಿದ್ದರು.

ಬಂದ ಹೊದಿಕೆಗಳ ಕತೆ ಏನು ಹೇಳಲಿ. ಹನ್ನೊಂದು ಜನ ಹಲಸೂರು ದೇವಸ್ಥಾನದ ಕಂಬದ ಬಳ್ಳಿಯನ್ನೇ ಹೊಲಿದಿದ್ದರು, ಹನ್ನೊಂದು ಬಳ್ಳಿಯೂ ಮೊಬೈಲಿನ ಒಂದೇ ಫೋಟೋ ನೋಡಿ ಹೊಲಿದದ್ದು. ಆರು ಜನ ಅರಮನೆಯ ಕಿಟಕಿಯ ಬಣ್ಣದ ಗಾಜು ತಂದಿದ್ದರು. ನಾಲ್ಕು ಹೊದಿಕೆಗಳನ್ನು ಕಂಪ್ಯೂಟರ್ ಕಸೂತಿಯ ಅಂಗಡಿಗೆ ಕೊಟ್ಟು ಮಾಡಿಸಿದ್ದು ಹಿಂಬದಿ ತಿರುಗಿಸಿದ ಕೂಡಲೇ ಗೊತ್ತಾಗುತ್ತಿತ್ತು. ಹನ್ನೆರಡನೇ ನಂಬರಿನದು ದಂಡು ಪ್ರದೇಶದ ಹಳೆಯ ಬಂಗಲೆಯ ನೆಲದ ಚಿತ್ತಾರ. ಅಚ್ಚುಕಟ್ಟಾಗಿತ್ತು, ತಪ್ಪು ಹುಡುಕಲಾಗಲಿಲ್ಲ, ನೋಡಿದ ಎರಡು ನಿಮಿಷಕ್ಕೆ ಮರೆತುಹೋಯಿತು.

ಇಪ್ಪತ್ತೇಳನೆಯದರ ಮುಂದೆ ಮಾತ್ರ ಮೂವರೂ ನಿಂತೆವು. ಅದು ಕೌದಿ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತುಂಡುಗಳನ್ನು ಕೂಡಿಸಿ, ಉದ್ದಕ್ಕೂ ಕೈಯಲ್ಲಿ ದಾರ ಓಡಿಸಿ ಹೊಲಿದದ್ದು. ನೀಲಿ, ಹಳದಿ, ಬಿಳಿಯ ನಕ್ಷತ್ರಗಳೂ ಬಳ್ಳಿಗಳೂ ಒಂದಕ್ಕೊಂದು ಹೆಣೆದುಕೊಂಡು ಹೋಗಿ, ಇದ್ದಕ್ಕಿದ್ದಂತೆ ಅಲ್ಲಲ್ಲಿ ನಿಂತುಬಿಡುತ್ತಿದ್ದವು. ನಿಂತಲ್ಲಿ ಬರೀ ಮಾಸಿದ ಧೋತರದ ಮಣ್ಣುಬಣ್ಣ. ಹೊಲಿಗೆ ಮಾತ್ರ ಅಲ್ಲಿಯೂ ನಿಲ್ಲದೆ ಸಾಗಿತ್ತು.

ಜೊತೆಗಿದ್ದ ಫಾರಂ ಓದಿದೆ. ಹೆಸರಿನ ಜಾಗವನ್ನು ಪಟ್ಟಿ ಅಂಟಿಸಿ ಮುಚ್ಚಿದ್ದರು. ಹೊಲಿದವಳ ಮಗಳು ಬರೆದಿದ್ದಳು. ತಾಯಿ ಹುಡುಗಿಯಾಗಿದ್ದಾಗ ಬೀದರಿನಲ್ಲಿ ಒಂದು ಹಳೆಯ ಕಟ್ಟಡದ ರಿಪೇರಿಗೆ ನೀರು ಹೊರುವ ಕೂಲಿಗೆ ಹೋಗಿದ್ದಳಂತೆ. ಗೋಡೆಗೆ ಕೂರಿಸಿದ್ದ ಬಣ್ಣದ ಹೆಂಚಿನ ಬಿಲ್ಲೆಗಳು ಅರ್ಧಕ್ಕರ್ಧ ಬಿದ್ದುಹೋಗಿದ್ದವು. ಬಿದ್ದ ಜಾಗವನ್ನೂ ಬಿಡದೆ, ಕಂಡದ್ದನ್ನು ಕಂಡ ಹಾಗೆ ಹೊಲಿದಿದ್ದಾಳೆ. ಈ ಕೆಲಸ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಎರಡೇ ಸಾಲು. ‘ನಮ್ಮ ಅವ್ವ ನಾಲ್ಕು ಮಹಡಿ ಹತ್ತಿ ಇಳಿದು ಮನೆಗೆಲಸ ಮಾಡುತ್ತಾಳೆ. ಮೊಣಕಾಲು ಹೋಗಿವೆ, ಕೂತು ಮಾಡುವ ಕೆಲಸ ಬೇಕು.’

ಉಳಿದವರೆಲ್ಲ ಹಳೆಯದನ್ನು ಹೊಸದು ಮಾಡಿಕೊಂಡು ತಂದಿದ್ದರು, ಇವಳೊಬ್ಬಳು ಅದನ್ನು ಹಳೆಯದಾಗಿಯೇ ತಂದಿದ್ದಳು. ಪ್ರೇಮ್‌ಕುಮಾರ್ ಅಥೆಂಟಿಕ್ ಎನ್ನುವುದನ್ನೂ ಮರೆತು ಸುಮ್ಮನೆ ನಿಂತರು. ಅಜ್ಮತ್ ಭಾಯಿ ಕಣ್ಣು ಮುಚ್ಚಿ ಒತ್ತಿ ನೋಡಿ, ಮೊದಲ ಸಲ ಕಣ್ಣು ತೆರೆದು ಹೊದಿಕೆಯನ್ನು ನೋಡಿದರು. ನಾನೂ ಒಳ್ಳೆಯ ಅಂಕವನ್ನೇ ಹಾಕಿದೆ. ನಾಲ್ಕು ಗಂಟೆಗೆ ಮೂವರ ಅಂಕ ಕೂಡಿಸಿದಾಗ ಇಪ್ಪತ್ತೇಳು ಮೊದಲು, ಹನ್ನೆರಡು ಎರಡನೆಯದು.

ಅಲ್ಲಿಗೆ ಮುಗಿಯಬೇಕಿತ್ತು. ಅವರಿಬ್ಬರೂ ಚಹಾ ಕುಡಿಯಲು ಹೋದರು. ನಾನು ಮಾತ್ರ ಎದ್ದು ಇಪ್ಪತ್ತೇಳರ ಹತ್ತಿರ ಹೋದೆ. ಬಟ್ಟೆಯನ್ನು ಕೈಯಲ್ಲಿ ಹಿಡಿದು ಅಂಚಿನುದ್ದಕ್ಕೂ ಬೆರಳಾಡಿಸಿದೆ. ಕೆಳಗಿನ ಒಂದು ಮೂಲೆಯಲ್ಲಿ ಮುಕ್ಕೋನದ ತುಂಡೊಂದನ್ನು ಹೊಲಿದಿದ್ದಳು. ಅದರೊಳಗೆ ಏನೋ ಗಂಟು. ಹೊರಗಿನ ಹೊಲಿಗೆಯೂ ಉಳಿದದ್ದರ ಹಾಗಿಲ್ಲ, ದೊಡ್ಡ ದೊಡ್ಡದು, ಕೆಂಪು ದಾರದ್ದು. ನನ್ನ ಕೈ ಪರ್ಸಿಗೆ ಹೋಯಿತು. ಸರ್ರನೆ ಬಿಚ್ಚಿದೆ.

ಒಳಗಿನಿಂದ ರೊಟ್ಟಿಯ ಚೂರು ಬಿತ್ತು. ಜೋಳದ ರೊಟ್ಟಿ, ಒಣಗಿ ಕಟಕಟ ಆಗಿತ್ತು. ನೆಲಕ್ಕೆ ಬಿದ್ದು ನಾಲ್ಕು ಚೂರಾಯಿತು.

ಚಹಾದ ಲೋಟ ಹಿಡಿದು ಬಂದ ಪ್ರೇಮ್‌ಕುಮಾರ್ ಅದನ್ನು ನೋಡಿದರು. ಇಲಿ ಬರುತ್ತೆ, ಹುಳ ಬೀಳುತ್ತೆ, ಇದಕ್ಕೆ ಬಹುಮಾನ ಹೇಗೆ ಕೊಡೋಕಾಗುತ್ತೆ ಎಂದರು. ಆಮೇಲೆ ನಿಯಮಗಳ ಹಾಳೆ ತೆಗೆದು ನನ್ನ ಮುಂದೆ ಹಿಡಿದರು.

“ರೂಲ್ ಏಳು ಮೇಡಮ್. ಬಟ್ಟೆ, ಹತ್ತಿ ಬಿಟ್ಟು ಒಳಗೆ ಬೇರೇನೂ ಇರಬಾರದು. ನೀವೇ ಬರೆದಿರೋದು.”

ನಿಜ, ನಾನೇ ಬರೆದದ್ದು. ಕೇಂದ್ರದಲ್ಲಿ ಒಬ್ಬಳು ದಪ್ಪ ಕಾಣಲೆಂದು ನ್ಯೂಸ್‌ಪೇಪರ್ ತುಂಬಿದ್ದಳು, ಆ ಸಿಟ್ಟಿಗೆ ಬರೆದಿದ್ದೆ. ಅಜ್ಮತ್ ಭಾಯಿ ಒಪ್ಪಲಿಲ್ಲ. ಹೊಲಿದವಳನ್ನು ಕರೆಸಿ ಕೇಳೋಣ, ಕೇಳದೆ ಹೊರಗೆ ಹಾಕುವುದು ನ್ಯಾಯವಲ್ಲ ಎಂದರು. ಪ್ರೇಮ್‌ಕುಮಾರ್ ನಾಳೆ ಹನ್ನೊಂದಕ್ಕೆ ಫಲಿತಾಂಶ, ಸಂಜೆಯೊಳಗೆ ಫ್ಲೆಕ್ಸ್‌ಗೆ ಫೋಟೋ ಕಳಿಸಬೇಕು ಎಂದರು. ಇಬ್ಬರೂ ನನ್ನ ಮುಖ ನೋಡಿದರು. ನನಗೆ ಸೊಂಟ ನೋಯುತ್ತಿತ್ತು. ನಿಯಮ ನಿಯಮವೇ ಎಂದು ಹೇಳಿ ಸಹಿ ಹಾಕಿದೆ.

ಅಜ್ಮತ್ ಭಾಯಿ ಸಹಿ ಹಾಕಲಿಲ್ಲ. ಇಬ್ಬರದಿದ್ದರೆ ಸಾಕಾಗಿತ್ತು. ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ತಿರುಗಿದರು.

“ಅಂಕ ಹಾಕಿ ಆಗಿತ್ತಲ್ಲ ಟೀಚರಮ್ಮಾ. ಮತ್ತೆ ಯಾಕೆ ಹೋದ್ರಿ ಅದ್ರ ಹತ್ರ?”

ಗಂಟು ಇತ್ತು ಭಾಯಿ ಎಂದೆ. ಅವರು ತಲೆಯಾಡಿಸಿ ಹೊರಟುಹೋದರು.

ಬಸ್ಸಿನಲ್ಲಿ ಕಲ್ಯಾಣ ನಗರಕ್ಕೆ ಬರುವವರೆಗೂ ಆ ಪ್ರಶ್ನೆ ಪಕ್ಕದ ಸೀಟಿನಲ್ಲೇ ಕೂತಿತ್ತು. ಅಂಕ ಹಾಕುವಾಗ ನನಗೆ ಗಂಟು ಕಂಡಿರಲಿಲ್ಲ. ಹಾಗಿದ್ದರೆ ನಾನು ಗಂಟಿಗಾಗಿ ಹೋದದ್ದಲ್ಲ. ಇಪ್ಪತ್ತೇಳು ಮೊದಲು ಎಂದು ಕೂಡಿಸಿ ಹೇಳುವವರೆಗೆ ನನ್ನ ಕುರ್ಚಿಗೆ ಯಾರೋ ಬರುತ್ತಾರೆ ಎನ್ನುವುದು ಬರೀ ಮಾತು. ಈಗ ನಿಜವಾಗಿ ಬರುವವಳೊಬ್ಬಳಿದ್ದಳು, ಅವಳ ಕೈ ನನ್ನ ಕೈಗಿಂತ ಚೆನ್ನಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಅರುವತ್ತಮೂರನೇ ವಯಸ್ಸಿನಲ್ಲಿ, ಮೊಣಕಾಲು ಹೋದ ಮನೆಗೆಲಸದವಳ ಮೇಲೆ. ಸುಸ್ತು ಸುಸ್ತು ಎಂದು ಊರೆಲ್ಲ ಸಾರಿಕೊಂಡು ಬಂದ ನಾನು ಕುರ್ಚಿ ಬಿಡಲು ತಯಾರಿರಲಿಲ್ಲ, ಅಷ್ಟೇ.

ಮಾರನೇ ದಿನ ಭಾನುವಾರ. ಛತ್ರದ ಊಟ ನನಗೆ ಆಗಿಬರುವುದಿಲ್ಲವೆಂದು ಎರಡು ರಾಗಿರೊಟ್ಟಿ ತಟ್ಟಿ ಡಬ್ಬಿಗೆ ಹಾಕಿಕೊಂಡು ಒಂಬತ್ತೂವರೆಗೆಲ್ಲ ಹೋದೆ. ವೇದಿಕೆಯ ಹಿಂದೆ ಫ್ಲೆಕ್ಸ್ ಕಟ್ಟುತ್ತಿದ್ದರು, ಹನ್ನೆರಡನೇ ನಂಬರಿನ ಚಿತ್ತಾರ ಆಳೆತ್ತರಕ್ಕೆ ಮಿನುಗುತ್ತಿತ್ತು. ಹೊದಿಕೆಗಳ ಸಾಲಿನ ನಡುವೆ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸು, ಇಳಕಲ್ ಸೀರೆ, ಎಡಗಾಲಿನ ಮೇಲೆ ಭಾರ ಬಿಡದೆ ಬಲಕ್ಕೆ ವಾಲಿಕೊಂಡಿದ್ದಳು. ಕೈ ಇಪ್ಪತ್ತೇಳರ ಮೂಲೆಯ ಮೇಲಿತ್ತು.

ನಾನು ಹತ್ತಿರ ಹೋದೆ. ಅವಳು ನನ್ನ ಕೊರಳಲ್ಲಿ ನೇತಾಡುತ್ತಿದ್ದ ತೀರ್ಪುಗಾರರ ಕಾರ್ಡು ನೋಡಿ ಕೈಮುಗಿದಳು.

“ಅಕ್ಕೋರ, ಇದರ ಹೊಟ್ಟಿ ಯಾರು ಬಿಚ್ಚ್ಯಾರ್ರಿ?”

ಸುಳ್ಳು ಹೇಳಬಹುದಿತ್ತು. ನಲವತ್ತಮೂರು ಹೊದಿಕೆ, ಮೂರು ಜನ, ಹತ್ತಾರು ಕೆಲಸದವರು. ನಾನೇ ಎಂದೆ.

ಅವಳಿಗೆ ಸಿಟ್ಟು ಬರುತ್ತದೆಂದುಕೊಂಡೆ, ಬರಲಿಲ್ಲ. ಅವಳಿಗಾದದ್ದು ಗಾಬರಿ. ಕೌದಿಯನ್ನು ಹಗ್ಗದಿಂದ ಇಳಿಸಿ ಎದೆಗೆ ಅವುಚಿಕೊಂಡು, ನಿಧಾನವಾಗಿ ಗೋಡೆ ಹಿಡಿದು ನೆಲಕ್ಕೆ ಕೂತು, ಕಾಲು ಚಾಚಿದಳು. ಹೆಸರು ಯಂಕಮ್ಮ ಎಂದಳು. ರಾಮಮೂರ್ತಿ ನಗರದಲ್ಲಿ ಒಂದು ಕೋಣೆ, ಗಂಡ ಭಗವಂತರಾಯ ಗಾರೆ ಕೆಲಸಕ್ಕೆ ಹೋಗುತ್ತಾನೆ, ಫಾರಂ ಬರೆದ ಮಗಳು ಗಂಗಾ. ಕೌದಿಗೆ ಹಾಕಿದ್ದೆಲ್ಲ ತಾನು ಕೆಲಸ ಮಾಡುವ ಮನೆಗಳಲ್ಲಿ ಕೊಟ್ಟ ಹಳೆಯ ಸೀರೆ, ಧೋತರ. ಆಮೇಲೆ ತುತ್ತಿನ ಸಂಗತಿ ಹೇಳಿದಳು. ಅವರ ಊರಲ್ಲಿ ಕೌದಿ ಮುಗಿಯುವಾಗ ಕೊನೆಯ ಮೂಲೆಯನ್ನು ಬಿಟ್ಟಿರುತ್ತಾರಂತೆ. ಹೊಲಿದವಳು ತಾನು ಉಣ್ಣುವ ರೊಟ್ಟಿಯಲ್ಲಿ ಒಂದು ತುತ್ತು ಮುರಿದು ಅಲ್ಲಿ ಇಟ್ಟು, ಕೆಂಪು ದಾರದಲ್ಲಿ ಬಾಯಿ ಮುಚ್ಚುತ್ತಾಳೆ. ಅದನ್ನು ಹೊದ್ದವರು ಹಸಿದು ಮಲಗಬಾರದು ಎಂದು. ಬೆಂಗಳೂರಿಗೆ ಬಂದ ಹೊಸತರಲ್ಲಿ ಇವರು ಕಟ್ಟಡದ ಬಯಲಲ್ಲಿ ಎಷ್ಟೋ ರಾತ್ರಿ ಹಸಿದೇ ಮಲಗಿದ್ದಾರೆ. ಆಗ ತಂದಿದ್ದ ಕೌದಿಗೆ ಅವಸರದಲ್ಲಿ ತುತ್ತು ಇಟ್ಟಿರಲಿಲ್ಲವಂತೆ.

“ಹಸದ ಕೌದಿ ಯಾರ ಮ್ಯಾಲೂ ಹಾಕಂಗಿಲ್ರಿ ಅಕ್ಕೋರ. ಮನಿಗೂ ಒಯ್ಯಂಗಿಲ್ಲ. ಯಾರು ಬಿಚ್ಚಿದ್ರೋ ಅವರೇ ಉಣಿಸಬೇಕು.”

ಗೆದ್ದೆನೋ ಸೋತೆನೋ ಎಂದು ಅವಳು ಕೇಳಲೇ ಇಲ್ಲ. ಹೊಟ್ಟೆ ಬರಿದಾದ ಕೌದಿಯ ಚಿಂತೆಯೇ ಅವಳಿಗೆ ದೊಡ್ಡದಾಗಿತ್ತು. ಹಿಂದಿನ ದಿನ ನಾನು ಆ ರೊಟ್ಟಿಚೂರುಗಳನ್ನು ಕಾಲಿನಿಂದಲೇ ಬದಿಗೆ ಸರಿಸಿದ್ದು ನೆನಪಾಗಿ ನಾಚಿಕೆಯಾಯಿತು.

ಡಬ್ಬಿ ತೆಗೆದು, ಜೋಳದ್ದಿಲ್ಲ, ರಾಗಿಯದು ನಡೆಯುತ್ತಾ ಎಂದು ಕೇಳಿದೆ. ನೀವು ಉಣ್ಣುವುದೇ ಅದಾದರೆ ಅದೇ ಆಗಬೇಕು ಎಂದಳು. ಒಂದು ತುತ್ತು ಮುರಿದು ಮುಕ್ಕೋನದ ಚೀಲದೊಳಗಿಟ್ಟೆ. ಯಂಕಮ್ಮ ಸೆರಗಿನ ತುದಿಯಲ್ಲಿ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು, ತನ್ನ ಕೈಚೀಲದ ಕೆಂಪು ದಾರ ಪೋಣಿಸಿ ಕೊಟ್ಟಳು. ನಾನು ನನ್ನ ಜೀವಮಾನದ ವಿದ್ಯೆಯನ್ನೆಲ್ಲ ಹಾಕಿ ಹೊಲಿದೆ. ಒಂದೊಂದು ಹೊಲಿಗೆಯೂ ಎಳ್ಳಿನಷ್ಟು. ಎಲ್ಲಿ ಹೊಲಿದಿದೆ ಎಂದು ಹುಡುಕಬೇಕು, ಹಾಗೆ. ಮುಗಿಸಿ ಅವಳ ಮುಂದಿಟ್ಟೆ.

ಯಂಕಮ್ಮ ಬೆರಳಿಂದ ಸವರಿ ನೋಡಿದಳು. ಆಮೇಲೆ ಬಹಳ ಸಂಕೋಚದಿಂದ ನನ್ನ ಮುಖ ನೋಡಿದಳು.

“ಬಿಚ್ಚ್ರಿ ಅಕ್ಕೋರ.”

ಮೂವತ್ತೊಂದು ವರ್ಷ ಶಾಲೆಯಲ್ಲಿ, ಐದು ವರ್ಷ ಕೇಂದ್ರದಲ್ಲಿ, ಈ ಮಾತು ನನಗೆ ಯಾರೂ ಹೇಳಿರಲಿಲ್ಲ. ಏನು ತಪ್ಪಾಗಿದೆ ಎಂದು ಕೇಳಿದೆ. ತಪ್ಪಿಲ್ಲ, ಇಷ್ಟು ಬಿಗಿಯಾದರೆ ಬಟ್ಟೆ ಹಿಂಜಿಕೊಂಡು ಹರಿಯುತ್ತದೆ, ಸಣ್ಣದಾದರೆ ಕಾಣುವುದಿಲ್ಲ ಎಂದಳು. ಕಾಣಬಾರದು ಅಂತಲೇ ಸಣ್ಣದಾಗಿ ಹೊಲಿದದ್ದು ಎಂದೆ.

“ಕಾಣಬೇಕ್ರಿ. ಇದು ಉಂಡದ ಅಂತ ನೋಡಿದವರಿಗೆ ತಿಳೀಬೇಕು.”

ಬ್ಲೇಡು ತೆಗೆದು ನನ್ನ ಹೊಲಿಗೆಯನ್ನು ನಾನೇ ಬಿಚ್ಚಿದೆ. ಅವಳು ನನ್ನ ಬೆರಳು ಹಿಡಿದು ಸೂಜಿಯನ್ನು ಎಲ್ಲಿ ಇಳಿಸಬೇಕು, ದಾರವನ್ನು ಎಷ್ಟು ಸಡಿಲ ಬಿಡಬೇಕು ಎಂದು ತೋರಿಸಿದಳು. ಮೊದಲೆರಡು ಕೆಟ್ಟವು, ಬೈಯಲಿಲ್ಲ. ಬ್ಲೇಡನ್ನೂ ಕೇಳಲಿಲ್ಲ. ಮುಂದಿನದು ಸರಿ ಬರುತ್ತದೆ ಎಂದು ಕಾದಳು. ಮೂರನೆಯದು ಸರಿ ಬಂತು. ಹಾಗೆ ಕಲಿಸುವುದು ನನಗೆ ಮೂವತ್ತಾರು ವರ್ಷದಲ್ಲಿ ಹೊಳೆದಿರಲಿಲ್ಲ.

ಹತ್ತೂಮುಕ್ಕಾಲು ಆಗಿತ್ತು. ಎದ್ದು ಪ್ರೇಮ್‌ಕುಮಾರ್ ಹತ್ತಿರ ಹೋದೆ. ಅಜ್ಮತ್ ಭಾಯಿಯೂ ಅಲ್ಲೇ ಕುರ್ಚಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. ನಿನ್ನೆಯ ಸಹಿ ವಾಪಸ್ ತೆಗೆದುಕೊಳ್ಳುತ್ತೇನೆ, ಮೊದಲು ಕೂಡಿಸಿದ ಅಂಕವೇ ಇರಲಿ ಎಂದೆ. ಫ್ಲೆಕ್ಸ್ ಪ್ರಿಂಟ್ ಆಗಿ ಕಟ್ಟಿಯೂ ಆಗಿದೆ, ರೂಲ್ ಏಳರ ಕತೆ ಏನು ಎಂದು ಪ್ರೇಮ್‌ಕುಮಾರ್ ಗುರುಗುಟ್ಟಿದರು. ರೂಲ್ ಬರೆಯುವಾಗ ನನಗೆ ಕೌದಿಯ ಪದ್ಧತಿ ಗೊತ್ತಿರಲಿಲ್ಲ ಎಂದೆ. ತುತ್ತಿನ ಸಂಗತಿ ಹೇಳಿದೆ. ಅವರ ಕಣ್ಣು ಅರಳಿತು. ಇದನ್ನು ಬ್ರೋಶರಿನಲ್ಲಿ ಹಾಕಬಹುದಲ್ಲ ಎಂದರು. ಏನಾದರೂ ಮಾಡಿಕೊಳ್ಳಿ ಎಂದೆ. ಅವರ ಜೊತೆ ವಾದಿಸುವ ಶಕ್ತಿ ನನಗಿರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ಅಜ್ಮತ್ ಭಾಯಿಗೆ ಮಾತ್ರ ಒಂದು ಉತ್ತರ ಬಾಕಿಯಿತ್ತು.

“ನಿನ್ನೆ ಗಂಟು ಅಂತ ಹೋಗಿದ್ದಲ್ಲ ಭಾಯಿ. ಕುರ್ಚಿ ಬಿಡೋಕೆ ಮನಸ್ಸು ಬರ್ಲಿಲ್ಲ.”

“ಗೊತ್ತು,” ಎಂದರು ಅವರು. “ನಾನೂ ಅಂಗಡಿ ಮಗನಿಗೆ ಕೊಟ್ಟು ಎಂಟು ವರ್ಷ ಆಯ್ತು. ಇವತ್ತೂ ಬೆಳಿಗ್ಗೆ ಹೋಗಿ ಕೂತ್ಕೊಂಡು ಬಂದೆ.” ಜೇಬಿನಿಂದ ಪೆನ್ನು ತೆಗೆದು, ಇಪ್ಪತ್ತೇಳೇ ಮೊದಲು ಎಂದು ಬರೆದ ಹೊಸ ಹಾಳೆಗೆ ಸಹಿ ಹಾಕಿದರು.

ಹನ್ನೊಂದಕ್ಕೆ ಫಲಿತಾಂಶ ಹೇಳಿದರು. ಫ್ಲೆಕ್ಸಿನ ಮೇಲೆ ಹನ್ನೆರಡನೇ ಚಿತ್ತಾರವೇ ಮಿನುಗುತ್ತಿತ್ತು, ಅದರ ಮುಂದೆ ಕೌದಿಯನ್ನು ಹಿಡಿಯಲು ಇಬ್ಬರನ್ನು ನಿಲ್ಲಿಸಿದ್ದರು. ಯಂಕಮ್ಮನ ಹೆಸರು ಕರೆದಾಗ ಅವಳು ಬಹಳ ಹಿಂದೆ ಕೂತಿದ್ದಳು. ಎದ್ದಳು, ನಡೆದು ಬಂದಳು, ವೇದಿಕೆಯ ಮೆಟ್ಟಿಲ ಬುಡದಲ್ಲಿ ನಿಂತಳು. ಆರು ಮೆಟ್ಟಿಲು. ಅವಳು ಅವನ್ನು ಎಣಿಸುತ್ತಿರುವುದು ನನಗೆ ಕಂಡಿತು. ಮೊಣಕಾಲಿನ ಮೇಲೆ ಕೈಯಿಟ್ಟು ಮೊದಲನೆಯದನ್ನು ಹತ್ತಲು ಹೊರಟಾಗ ನಾನು ಮೇಲಿನಿಂದ ಬೇಡ ಎಂದೆ. ಪ್ರಮಾಣಪತ್ರವನ್ನು ಪ್ರೇಮ್‌ಕುಮಾರ್ ಕೈಯಿಂದ ಕಿತ್ತುಕೊಂಡು, ಪರ್ಸಿನಿಂದ ಬೀರುವಿನ ಬೀಗದ ಕೈ ತೆಗೆದುಕೊಂಡು, ಸೊಂಟ ಹಿಡಿದುಕೊಂಡು ನಾನೇ ಆರೂ ಮೆಟ್ಟಿಲು ಇಳಿದು ಬಂದೆ.

ಕೇಂದ್ರ ನೆಲಮಹಡಿಯಲ್ಲೇ ಇದೆ, ಹತ್ತುವುದು ಏನೂ ಇಲ್ಲ, ಮುಂದಿನ ಪಾಠ ಮಂಗಳವಾರ ಎಂದು ಹೇಳಿ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟೆ. ಐದು ವರ್ಷ ಪರ್ಸಿನಲ್ಲಿದ್ದದ್ದು. ಯಂಕಮ್ಮ ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಂತರ ಯಾರಿಗೂ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಾಗಿದಳು.

“ಮಂಗಳವಾರ ನೀವೂ ಬರ್ರಿ ಅಕ್ಕೋರ. ನಿಮ್ಮ ಹೊಲಿಗಿ ಇನ್ನೂ ಭಾಳ ಬಿಗಿ ಅದ.”

ಸುಸ್ತಾಗಿದೆ ಕಣಮ್ಮ ಎನ್ನಲು ಬಾಯಿ ತೆರೆದೆ. ಎರಡು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದ ಮಾತು, ನಾಲಿಗೆಯ ತುದಿಯಲ್ಲೇ ಇತ್ತು.

“ಎಷ್ಟು ಗಂಟೆಗೆ ಬರ್ಲಿ?” ಎಂದು ಕೇಳಿದೆ.